ಕಿವಿ ಮಿಷನ್ನಿನ ವೈರು

ನನ್ನ ಅವ್ವನಿಗೆ ಕಿವಿ ಮಂದ. ಪೂರ್ತಿ ಕಿವುಡಲ್ಲ, ಮುಕ್ಕಾಲು. ದುಡಿದು ತಿನ್ನುವವರಿಗೆ ಈ ಮುಕ್ಕಾಲೇ ಹೆಚ್ಚು ಕಷ್ಟದ್ದು. ಏನೂ ಕೇಳದವರನ್ನು ಜನ ಪಾಪ ಎನ್ನುತ್ತಾರೆ. ಅಷ್ಟಿಷ್ಟು ಕೇಳುವವರನ್ನು ಸೊಕ್ಕಿನವರು ಎನ್ನುತ್ತಾರೆ. ಅವ್ವನಷ್ಟು ಸೊಕ್ಕಿಲ್ಲದ ಹೆಂಗಸನ್ನು ನಾನು ಕಂಡಿಲ್ಲ, ಆದರೂ ಆ ಹೆಸರು ಅವಳಿಗೆ ಬಂತು.

ಅವಳು ಮೀನು ಮಾರುತ್ತಿದ್ದಳು. ನಮ್ಮ ಮನೆ ಹೊನ್ನಾವರದ ಹೊಳೆಯಾಚೆ ಕಾಸರಕೋಡಿನಲ್ಲಿ, ಮೀನು ಒಣಹಾಕುವ ಜಾಗದ ಹಿಂದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ದೋಣಿ ಬಂದ ಕೂಡಲೇ ಬುಟ್ಟಿ ತುಂಬಿಸಿಕೊಂಡು ಟೆಂಪೋ ಹತ್ತಿ, ಸೇತುವೆ ದಾಟಿ, ಹೊನ್ನಾವರ ದಾಟಿ, ಹಳದೀಪುರದಲ್ಲಿ ಇಳಿಯುತ್ತಿದ್ದಳು. ಬುಟ್ಟಿಯ ನೀರು ಸೀಟಿನಡಿಗೆ ಹರಿಯಿತೆಂದು ಟೆಂಪೋದವನು ದಿನಾ ಬೈಯುತ್ತಿದ್ದ. ಹಳದೀಪುರದ ತೆಂಗಿನ ತೋಟಗಳ ನಡುವೆ ಅವಳ ವರ್ತನೆ ಮನೆಗಳಿದ್ದವು. ಅವಳು ಕೊಟ್ಟ ಮೀನನ್ನೇ ತಿನ್ನುವ, ಬೇರೆಯವರನ್ನು ಅಂಗಳಕ್ಕೆ ಸೇರಿಸದ ಮನೆಗಳು.

ಆ ವ್ಯಾಪಾರಕ್ಕೆ ಒಂದು ಕ್ರಮವಿತ್ತು. ಮೀನಿನವಳು ಅಂಗಳದ ಅಂಚಿನಲ್ಲಿ ಬುಟ್ಟಿ ಇಳಿಸಿ ಕೂಗಬೇಕು. ಉತ್ತರ ಅಡುಗೆಮನೆಯ ಒಳಗಿನಿಂದ ಬರುತ್ತದೆ. ಕೊಳ್ಳುವುದಿದ್ದರೆ ಮಾತ್ರ ಮನೆಯೊಡತಿ ಒಲೆ ಬಿಟ್ಟು ಹೊರಗೆ ಬರುತ್ತಾಳೆ. ‘ಇವತ್ತು ಬೇಡ’ ಎನ್ನುವುದೂ, ‘ಇಂದು ಸೋಮವಾರ ಅಲ್ದನೇ’ ಎನ್ನುವುದೂ, ‘ಕೂತ್ಕಂಡಿರು, ಬಂದೆ’ ಎನ್ನುವುದೂ ಗೋಡೆಯ ಆಚೆಯಿಂದಲೇ. ಮುಖ ಕಾಣುವುದಿಲ್ಲ. ಮೀನಿನವಳಿಗೆ ಗಟ್ಟಿ ಗಂಟಲು ಬೇಕು ಎಂದು ಎಲ್ಲರೂ ಹೇಳುತ್ತಾರೆ, ಗಟ್ಟಿ ಕಿವಿ ಬೇಕು ಎಂದು ಯಾರೂ ಹೇಳುವುದಿಲ್ಲ.

ಒಂದು ರಜೆಯಲ್ಲಿ ನಾನು ಅವಳ ಜತೆ ಹೋಗಿದ್ದೆ. ಗೆಳತಿಯೊಬ್ಬಳು ಸಿಕ್ಕಿದಳೆಂದು ರಸ್ತೆಯಲ್ಲೇ ನಿಂತು, ಆಮೇಲೆ ಅವ್ವನನ್ನು ಹುಡುಕಿಕೊಂಡು ಹೋದರೆ ಒಂದು ಮನೆಯ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಬಿಸಿಲು ಬುಟ್ಟಿಯ ಮೇಲೆಯೇ ಬಿದ್ದಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ಅಷ್ಟರಲ್ಲಿ ಮನೆಯೊಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಬೇಡ ಬೇಡ ಅಂತ ಕೂಗಿ ಕೂಗಿ ನನ್ನ ಗಂಟ್ಲು ಹೋತು. ಇಲ್ಲೇ ಕೂತ್ಕಂಡದ್ಯಲೇ, ಎಂತ ಹೆಣ್ಣೇ ನೀನು!” ಕೊಳ್ಳಲು ಬಂದಳೆಂದೇ ತಿಳಿದ ಅವ್ವ ಮುಖ ಅರಳಿಸಿ, ಬುಟ್ಟಿಯ ಮೇಲಿನ ಎಲೆ ಸರಿಸಿ, “ನೊಗ್ಲಿ ಅದೆ ಒಡ್ತೀ, ಜೀವ ಇದ್ದಾಂಗೆ ಅದೆ” ಎಂದಳು. ಆ ನಗು ನೆನಪಾದರೆ ಇವತ್ತಿಗೂ ನನಗೆ ಆ ಸೌಟು ಕಿತ್ತುಕೊಂಡು ಬಿಸಾಡಬೇಕೆನಿಸುತ್ತದೆ.

ಆ ವರ್ಷವೋ ಅದರ ಮುಂದಿನ ವರ್ಷವೋ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹೊನ್ನಾವರದ ಒಂದು ಶಾಲೆಯಲ್ಲಿ ಕಿವಿ ಪರೀಕ್ಷೆಯ ಕ್ಯಾಂಪ್ ಆಯಿತು. ಅವ್ವನ ಕಿವಿಗೆ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದರು. ಸ್ವಲ್ಪ ದಿನ ಬಿಟ್ಟು ಕರೆದು ಒಂದು ಮಿಷನ್ ಕೊಟ್ಟರು. ಬೂದು ಬಣ್ಣದ ಪೆಟ್ಟಿಗೆ, ಸವೆದ ಸಾಬೂನಿನಷ್ಟು ದೊಡ್ಡದು. ಹಿಂದೆ ಪುಟ್ಟ ಪುಟ್ಟ ಸ್ಕ್ರೂಗಳು. ಒಳಗೆ ಗೂಡಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ಲು. ಪೆಟ್ಟಿಗೆಯಿಂದ ಕಿವಿಗೆ ಹೋಗುವ ಒಂದು ವೈರು. ಅವ್ವ ಅದನ್ನು ಹಾಲಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ತಾನೇ ಹೊಲಿದ ಬಟ್ಟೆಯ ಚೀಲದಲ್ಲಿ ಹಾಕಿ, ಕುತ್ತಿಗೆಗೆ ಕಟ್ಟಿ ರವಿಕೆಯೊಳಗೆ ಇಳಿಬಿಟ್ಟುಕೊಂಡಳು.

ಮೊದಲ ದಿನ ಮನೆಗೆ ಬಂದು ಹೊಸಿಲಲ್ಲಿ ನಿಂತವಳು ಹೆದರಿದಳು. “ಇದೆಂತ ಮಗಾ, ಸಮುದ್ರ ಇಷ್ಟ್ ಬೊಬ್ಬೆ ಹೊಡೀತದ್ಯಾ? ದಿನಾ ಹೀಂಗೇ ಹೊಡೀತದ್ಯಾ?” ಎಂದಳು. ಆ ಬೊಬ್ಬೆಯ ಪಕ್ಕದಲ್ಲೇ ಅವಳು ಎಷ್ಟೋ ವರ್ಷ ನಿದ್ದೆ ಮಾಡಿದ್ದಳು. ಆಮೇಲೆ ತನ್ನ ಬಳೆಯ ಸದ್ದು ಕೇಳಿ ಕೈ ಆಡಿಸಿ ಆಡಿಸಿ ನೋಡಿದಳು. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ.

ಮಾತು ಹಿಡಿಯುವ ತೂತು ಇದ್ದದ್ದು ಕಿವಿಯಲ್ಲಲ್ಲ, ಪೆಟ್ಟಿಗೆಯಲ್ಲಿ. ಇದನ್ನು ಅವ್ವ ಬೇಗ ಕಂಡುಕೊಂಡಳು. ನಾನು ಏನಾದರೂ ಹೇಳಲು ಕೂತರೆ ರವಿಕೆಯಿಂದ ಪೆಟ್ಟಿಗೆ ತೆಗೆದು, ಪ್ರಸಾದ ಕೊಡುವ ಹಾಗೆ ಅಂಗೈ ಮೇಲಿಟ್ಟು ನನ್ನ ಬಾಯಿಯ ಹತ್ತಿರ ಹಿಡಿಯುತ್ತಿದ್ದಳು. “ಇದ್ರಲ್ಲಿ ಹೇಳು” ಎನ್ನುತ್ತಿದ್ದಳು. ಅಲ್ಲಿಯ ತನಕ ನಾನು ಅವಳಿಗೆ ಹೇಳಿದ್ದೆಲ್ಲ ಕೂಗಿ ಹೇಳಿದ್ದು. ಕೂಗಿ ಹೇಳಬಹುದಾದ ವಿಷಯಗಳನ್ನು ಮಾತ್ರ ಹೇಳಿದ್ದು. ಅಕ್ಕಿ ಮುಗಿಯಿತು, ಟೆಂಪೋ ಬಂತು, ಮಳೆ ಬಂತು. ಮನಸ್ಸಿನೊಳಗಿನದನ್ನು ಯಾರು ಕೇರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾರೆ? ಆ ಪೆಟ್ಟಿಗೆ ಬಂದ ಮೇಲೆ ನಾನು ಪಿಸುಮಾತಿನಲ್ಲಿ ಅವ್ವನ ಜತೆ ಮಾತಾಡಿದೆ. ಕಾಲೇಜು ಬಿಡುತ್ತೇನೆ ಎಂದದ್ದು ಆ ಪೆಟ್ಟಿಗೆಯಲ್ಲಿ. ಕುಮಟೆಯವನೊಬ್ಬ ನನ್ನನ್ನು ಮದುವೆಯಾಗುತ್ತಾನಂತೆ ಎಂದದ್ದೂ ಅದರಲ್ಲೇ. ಅಪ್ಪನ ಮೇಲಿದ್ದ ಸಿಟ್ಟನ್ನೂ ಅದರಲ್ಲೇ ಹೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಜಗತ್ತಿನಲ್ಲಿ ನನ್ನ ಮಾತನ್ನು ಅಷ್ಟು ಪೂರ್ತಿಯಾಗಿ ಕೇಳಿದವರು ಬೇರೆ ಯಾರೂ ಇಲ್ಲ, ಗಂಡನೂ ಇಲ್ಲ.

ಮಿಷನ್ ಕೆಡುತ್ತಿತ್ತು, ಕೆಡದೆ ಏನು? ಉಪ್ಪು ಗಾಳಿ, ಬೆವರು, ಮೀನಿನ ನೀರು. ಹೆಚ್ಚಾಗಿ ವೈರು ಹೋಗುತ್ತಿತ್ತು, ಪೆಟ್ಟಿಗೆಗೆ ಸಿಕ್ಕಿಸುವ ಪಿನ್ನಿನ ಬುಡದಲ್ಲಿ. ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅದರ ಯಜಮಾನನ ಮುಖದಲ್ಲಿ ನಗು ಕಂಡವರಿಲ್ಲ. ಮಿಷನ್ ಬಿಚ್ಚುತ್ತಲೇ ಶುರು ಮಾಡುತ್ತಿದ್ದ. “ಮೀನ್ ನೀರಲ್ಲಿ ಅದ್ದಿ ತಂದ್ಯಾ ಇದ್ನ? ಇದೆಂತ ಕಿವಿಗೆ ಹಾಕೂದಾ, ಸಾರಿಗೆ ಹಾಕೂದಾ? ವಾಸ್ನೆಗೆ ನಂಗೆ ಊಟ ಸೇರೂದಿಲ್ಲ ಇವತ್ತು.” ಬ್ರಶ್ಶಿನಲ್ಲಿ ಉಪ್ಪು ಕೆರೆದು, ಬೆಸುಗೆ ಹಾಕಿ, ಸ್ಕ್ರೂ ತಿರುಗಿಸುವವರೆಗೂ ಬೈಗುಳ ನಿಲ್ಲುತ್ತಿರಲಿಲ್ಲ. ಮಿಷನ್ ಅವನ ಕೈಯಲ್ಲಿ ಬಿಚ್ಚಿಕೊಂಡಿರುವಾಗ ಅವ್ವನಿಗೆ ಎಲ್ಲಿಂದ ಕೇಳಬೇಕು? ಅವಳು ಸ್ಟೂಲಿನ ಮೇಲೆ ಕೂತು ಅವನನ್ನೇ ಮೆಚ್ಚಿ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ, “ಬಾಳ ಒಳ್ಳೆ ಜನ ಕಾಣು, ಒಂದ್ ಮಾತ್ ಹೇಳೂದಿಲ್ಲ” ಎನ್ನುತ್ತಿದ್ದಳು.

ಹೀಗೆ ಎಷ್ಟೋ ವರ್ಷ ನಡೆಯಿತು. ನಾನು ಮದುವೆಯಾಗಿ ಕುಮಟೆಗೆ ಹೋದೆ, ಅಲ್ಲಿನ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಸೇರಿದೆ. ಗಾಜಿನ ಗೂಡಿನೊಳಗೆ ಜನ ದುಬೈಗೆ, ಮುಂಬಯಿಗೆ ಬೊಬ್ಬೆ ಹೊಡೆಯುವುದನ್ನು ದಿನವಿಡೀ ಕೇಳಿ, ವಾರಕ್ಕೊಮ್ಮೆ ಕಾಸರಕೋಡಿಗೆ ಹೋಗಿ ಅವ್ವನ ಪೆಟ್ಟಿಗೆಯಲ್ಲಿ ಮೆತ್ತಗೆ ಮಾತಾಡಿ ಬರುತ್ತಿದ್ದೆ.

ಆಮೇಲೆ ವೈರು ಸಿಗುವುದು ನಿಂತಿತು. ಒಂದು ಮಳೆಗಾಲದ ಮೊದಲು ರೇಡಿಯೋದವನು ಹೇಳಿದ, ಈ ಪಿನ್ನಿನ ವೈರು ಹುಬ್ಬಳ್ಳಿಯಿಂದ ಬರುತ್ತಿತ್ತು, ಈಗ ಅಲ್ಲಿಯೂ ಇಲ್ಲ, ಮಾಡುವವರೇ ನಿಲ್ಲಿಸಿದ್ದಾರೆ. ನಾನು ಹಳೆಯ ವೈರನ್ನು ಪರ್ಸಿನಲ್ಲಿಟ್ಟುಕೊಂಡು ಕುಮಟೆಯ ಅಂಗಡಿ ಅಂಗಡಿ ತಿರುಗಿದೆ. ಟೇಪ್ ರೆಕಾರ್ಡರಿನವರು, ವಾಚಿನವರು, ಔಷಧಿ ಅಂಗಡಿಯವರು ಎಲ್ಲರೂ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಸತ್ತ ಹುಳದ ಹಾಗೆ ನೋಡಿದರು. “ಇದ್ನ ಬಿಸಾಕಿ, ಹೊಸಾದ್ ತಗಳಿ.” ಈ ಮಾತನ್ನು ನಾನು ಆ ವರ್ಷಗಳಲ್ಲಿ ಎಷ್ಟು ಕೇಳಿದೆನೋ! ಕೊಡೆಯ ಕಡ್ಡಿ ಮುರಿದರೆ ಬಿಸಾಕಿ. ಮಿಕ್ಸರ್ ನಿಂತರೆ ಬಿಸಾಕಿ. ಚಪ್ಪಲಿಯ ಅಟ್ಟೆ ಬಿಟ್ಟರೆ ಬಿಸಾಕಿ. ಮೊದಲು ಮಳೆಗಾಲದ ಮುಂಚೆ ಊರಿನ ಕೊಡೆಗಳೆಲ್ಲ ರಿಪೇರಿಯವನ ಹತ್ತಿರ ಸಾಲಾಗಿ ಒರಗಿರುತ್ತಿದ್ದವು. ಈಗ ಮಳೆಗಾಲ ಮುಗಿದ ಮೇಲೆ ಅವು ಗಟಾರದಲ್ಲಿ ಕಾಲು ಮೇಲೆ ಮಾಡಿ ಬಿದ್ದಿರುತ್ತವೆ. ಬಿಸಾಕಿ ಎನ್ನುವವರ ಮುಖದಲ್ಲಿ ಒಂದು ಹೆಮ್ಮೆ ಇರುತ್ತದಲ್ಲ, ತಾವೇನೋ ಮೇಲಕ್ಕೆ ಏರಿಬಿಟ್ಟವರ ಹಾಗೆ, ಅದು ನನಗೆ ಮೈ ಉರಿಸುತ್ತದೆ. ಬಿಸಾಕುವುದಕ್ಕೆ ಯಾವ ವಿದ್ಯೆ ಬೇಕು?

ಭಟ್ಕಳಕ್ಕೂ ಹೋದೆ. ಅಲ್ಲಿ ಫಾರಿನ್ ಸಾಮಾನಿನ ಅಂಗಡಿಗಳಲ್ಲಿ ಸಿಗದ್ದು ಇಲ್ಲ ಎಂಬ ಮಾತಿತ್ತು. ಗಾಜಿನ ಕಪಾಟಿನ ತುಂಬ ಟಾರ್ಚು, ಅತ್ತರು, ಕ್ಯಾಮರಾ, ಮೊಬೈಲು. ಒಂದು ಅಂಗಡಿಯ ಮುದುಕರು ಒಳ್ಳೆಯವರು, ನನ್ನನ್ನು ಕೂರಿಸಿ ನೀರು ಕೊಟ್ಟು ವೈರನ್ನು ಬೆಳಕಿಗೆ ಹಿಡಿದು ನೋಡಿದರು. “ಇಂಥಾದ್ದು ಈಗ ಯಾರೂ ತರೂದಿಲ್ಲ ಬೆಹನ್. ಈಗೆಲ್ಲ ಕಿವಿ ಹಿಂದೆ ಇಡೂದು. ವೈರೇ ಇಲ್ಲ.” ವೈರೇ ಇಲ್ಲದ ಮೇಲೆ ವೈರು ಹೋಗುವ ಚಿಂತೆ ಇಲ್ಲ ಎಂದು ನನಗೂ ಆ ಹೊತ್ತಿಗೆ ಅನಿಸಿತು.

ರೇಡಿಯೋದವನು ಸುಮ್ಮನೆ ಬಿಡಲಿಲ್ಲ. ಯಾವುದೋ ರೇಡಿಯೋದ ಕಿವಿಗಿಡುವ ವೈರು ಕತ್ತರಿಸಿ ಪೆಟ್ಟಿಗೆಯೊಳಗೇ ಬೆಸುಗೆ ಹಾಕಿಕೊಟ್ಟ. ಅದರಲ್ಲಿ ಒಂದು ಮಳೆಗಾಲ ದಾಟಿತು. ಆಮೇಲೆ ಪೆಟ್ಟಿಗೆಯ ಒಳಗೆ ಹಸಿರು ಕಿಲುಬು ಬಂತು. ಅವನು ಬೆಸುಗೆ ಬಿಡಿಸಿ, ನನ್ನ ಪರ್ಸಿನಲ್ಲಿದ್ದ ಹಳೆಯ ಪಿನ್ನಿನ ವೈರನ್ನೇ ಇಸಿದುಕೊಂಡು ಅದಕ್ಕೆ ಸುತ್ತಿ ಅವ್ವನ ಕೈಗೆ ವಾಪಸು ಕೊಟ್ಟ. ಆ ದಿನ ಅವನು ಬೈಯಲಿಲ್ಲ.

ಭಟ್ಕಳದಿಂದ ಹೊಸ ಮಿಷನ್ ತಂದೆ. ಗೋಡಂಬಿಯಷ್ಟು ಚಿಕ್ಕದು, ಚರ್ಮದ ಬಣ್ಣ. ಸ್ಕ್ರೂ ಇಲ್ಲ, ಬಿಚ್ಚುವ ಜಾಗವೇ ಇಲ್ಲ. ಗುಂಡಗಿನ ಪುಟ್ಟ ಸೆಲ್ಲು, ಅದು ಮಂಗಳೂರಿನಿಂದ ಬರಬೇಕು. ಮೀನಿನ ಹುರುಪೆ ಅಂಟಿದ ಅವ್ವನ ಬೆರಳಿಗೆ ಅದು ಸಿಕ್ಕುತ್ತಲೇ ಇರಲಿಲ್ಲ. ಮರಳಿನಲ್ಲಿ ಬಿದ್ದರೆ ಮುಗಿಯಿತು, ಹುಡುಕಿದರೂ ಸಿಗದು. ಟೆಂಪೋದಲ್ಲಿ ಇದ್ದಕ್ಕಿದ್ದ ಹಾಗೆ ಅದು ಕುಂಯ್ ಎಂದು ಕೂಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಮೊಬೈಲು ತೆಗೆದು ನೋಡಿಕೊಳ್ಳುತ್ತಿದ್ದರು. ಅವ್ವನಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ಮೊದಲ ಮಳೆಗಾಲದಲ್ಲೇ ಅದು ಸತ್ತಿತು. ಹೊನ್ನಾವರಕ್ಕೆ ತೆಗೆದುಕೊಂಡು ಹೋದೆವು. ರೇಡಿಯೋದವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಉಗುರಿನಿಂದ ಸಂದು ಹುಡುಕಿ, ಮೇಜಿನ ಮೇಲೆ ಇಟ್ಟ. “ಇದು ಬಿಚ್ಚೂಕೆ ಅಂತ ಮಾಡದ್ದಲ್ಲ ತಂಗೀ. ಗೋಂದು ಹಾಕಿ ಮುಚ್ಚಿದ್ರು. ಒಡದ್ರೆ ಬಿಚ್ತದೆ, ಆಮೇಲೆ ಮುಚ್ಚೂದಿಲ್ಲ.” ಅಂಗಡಿಯಲ್ಲಿ ರೇಡಿಯೋಗಳು ಇರಲಿಲ್ಲ. ಗೋಡೆಗೆ ಮೊಬೈಲ್ ಕವರು ತೂಗುಹಾಕಿದ್ದ, ಎದುರಿಗೆ ರೀಚಾರ್ಜಿನ ಬೋರ್ಡು. “ನೀವೂ ಇದನ್ನೇ ಮಾಡ್ತ್ರಾ ಈಗ?” ಎಂದೆ. “ಎಂತ ಮಾಡೂದು? ರಿಪೇರಿಗೆ ಜನ ಬಂದ್ರೆ ಅಲ್ವ?” ಎಂದ. ಅವನೂ ಕೆಟ್ಟು ಕೂತ ಹಾಗೆ ಕಂಡ.

ಮತ್ತೊಂದು ಮಿಷನ್ ತಂದೆ. ಹಿಂದಿನದ್ದು ಈಗ ಬರುವುದಿಲ್ಲವಂತೆ, ಇದು ಬೇರೆ ಜಾತಿಯದು. ಅದೂ ಹೋದ ಮೇಲೆ ಇನ್ನೊಂದು. ಆಗ ಗೊತ್ತಾದದ್ದು, ಒಂದೊಂದು ಮಿಷನ್ನಿನಲ್ಲಿ ಲೋಕದ ಸದ್ದು ಒಂದೊಂದು ಥರ ಎಂಬುದು. ಅವ್ವ ಪ್ರತಿ ಸಲ ಮೊದಲಿನಿಂದ ಕೇಳಲು ಕಲಿಯಬೇಕಿತ್ತು. ಯಾವುದು ಕಾಗೆ, ಯಾವುದು ಬಾಗಿಲು, ಯಾವುದು ಮನುಷ್ಯರು. ಕಲಿತು ಮುಗಿಯುವ ಹೊತ್ತಿಗೆ ಮಿಷನ್ ಮುಗಿಯುತ್ತಿತ್ತು. ಒಮ್ಮೆ ನಾನು ಮಾತಾಡುತ್ತಿದ್ದಾಗ ಅವಳು ನನ್ನ ಮುಖವನ್ನೇ ನೋಡುತ್ತ, “ನೀ ಮಾತಾಡದ್ರೆ ಯಾರೋ ತಗಡು ಬಡದಾಂಗೆ ಕೇಳ್ತದೆ ಮಗಾ. ನಿನ್ನ ಸ್ವರ ಹೆಂಗಿತ್ತು ಅಂತ್ಲೇ ಮರ್ತು ಹೋತು” ಎಂದಳು. ಇನ್ನು ನಾನು ಏನು ಹೇಳಿದರೂ ತಗಡಿನ ಸದ್ದೇ ಅಲ್ಲವೇ?

ಹಳದೀಪುರದ ಅಂಗಳಗಳಲ್ಲಿ ಮತ್ತೆ ಹಳೆಯ ಕಥೆ. ಈಗ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ ಮೀನು ಮಾರುವವರು ಬಂದಿದ್ದರು. ಹಾರ್ನ್ ಕೇಳಿ ಒಡತಿಯರು ಗೇಟಿನ ತನಕ ಹೋಗತೊಡಗಿದರು. ಅವ್ವನಿಗೆ ಒಲೆ ಬಿಟ್ಟು ಬಾರದವರು, ಹಾರ್ನಿಗೆ ಓಡಿ ಹೋಗುತ್ತಿದ್ದರು. ಅವ್ವ ಖಾಲಿ ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದಳಂತೆ. ಒಂದು ದಿನ ತಂದ ತಾರ್ಲೆ ಮೀನನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು ಬಂದಳು. ಆಮೇಲೆ ಹೋಗಲಿಲ್ಲ.

ಮನೆಯಲ್ಲಿ ಉಳಿದ ಮೇಲೆ ಅವಳು ಹೊಸ ಮಿಷನ್ನನ್ನೂ ಬಿಟ್ಟಳು. ಜನ ಅವಳ ಮುಖದ ಹತ್ತಿರ ಬಾಯಿ ತಂದು ಕಿರುಚತೊಡಗಿದರು. ನಾನೂ ಕಿರುಚುತ್ತಿದ್ದೆ, ನನ್ನ ಬಾಯಿಯೇನು ಸಣ್ಣದಲ್ಲ. ಕಿರುಚಿದಾಗ ಅವಳು ಏಟು ತಪ್ಪಿಸಿಕೊಳ್ಳುವವಳ ಹಾಗೆ ತಲೆ ಹಿಂದೆ ಎಳೆದುಕೊಳ್ಳುತ್ತಿದ್ದಳು. ನಮ್ಮ ಮಾತು ಮತ್ತೆ ಅಕ್ಕಿಗೆ, ಟೆಂಪೋಕ್ಕೆ, ಮಳೆಗೆ ಬಂದು ನಿಂತಿತು. ವಾರಕ್ಕೊಮ್ಮೆ ಹೋಗುತ್ತಿದ್ದವಳು ತಿಂಗಳಿಗೊಮ್ಮೆ ಹೋಗತೊಡಗಿದೆ.

ಹೀಗಿರುವಾಗ ಒಂದು ಸಲ ಹೋದರೆ ಅವ್ವನ ಕಿವಿಯಲ್ಲಿ ಹಳೆಯ ಅಚ್ಚು, ಕತ್ತಿನ ಪಕ್ಕ ಇಳಿದು ಸೀರೆಯೊಳಗೆ ಹೋದ ವೈರು. ನಾನು ಬಾಯಿ ತೆರೆಯುವ ಮೊದಲೇ ನಕ್ಕಳು. “ಹಳೇ ಮಿಷನ್ ಸಮಾ ಮಾಡ್ಸ್ಕಂಡೆ ಮಗಾ. ಹೊನ್ನಾವರದಂವ ಮಾಡ್ಕೊಟ್ಟ.” ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಸಿಡುಕಿನ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ. ಎಲ್ಲಿಂದ ವೈರು ತಂದನೋ, ಯಾವ ಹಳೆಯ ಡಬ್ಬಿಯಲ್ಲಿ ಅಡಗಿಸಿ ಇಟ್ಟಿದ್ದನೋ, ಕೇಳಲೂ ಇಲ್ಲ. ಅವತ್ತೇ ಅವಳಿಗೆ ಹೇಳಬೇಕಾದದ್ದು ನನ್ನಲ್ಲಿತ್ತು. ಬಹಳ ದಿನದಿಂದ ಇತ್ತು, ಕಿರುಚಿ ಹೇಳಲಾಗದೆ ಇಟ್ಟುಕೊಂಡಿದ್ದೆ.

ಅಂಗಳದಲ್ಲಿ ಒಣಮೀನು ಹರವಿದ್ದಳು. ಕಾಗೆ ಓಡಿಸಲು ಕೋಲು ಹಿಡಿದು ಜಗಲಿಯ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಾಗ ಅವಳಿಗೆ ಅರ್ಥವಾಯಿತು. ರವಿಕೆಯಿಂದ ಪೆಟ್ಟಿಗೆ ತೆಗೆದಳು. ಅದೇ ಹಾಲಿನ ತೊಟ್ಟೆ, ಅದೇ ಬಟ್ಟೆಯ ಚೀಲ. ಅಂಗೈ ಮೇಲಿಟ್ಟು ನನ್ನ ಬಾಯಿಯ ಹತ್ತಿರ ಹಿಡಿದಳು. “ಇದ್ರಲ್ಲಿ ಹೇಳು” ಎಂದಳು. ಕಣ್ಣು ಮುಚ್ಚಿದಳು.

ನಾನು ಹೇಳಿದೆ. ನನ್ನ ಕಿವಿಯೂ ಹೋಗುತ್ತಿದೆ ಅವ್ವಾ. ಬೂತಿನಲ್ಲಿ ಫೋನು ಹೊಡೆದುಕೊಂಡರೆ ಬಲಗಿವಿಗೆ ಗೊತ್ತಾಗುವುದಿಲ್ಲ, ಮಾಲಕರು ಎರಡು ಸಲ ಬೈದರು. ಡಾಕ್ಟರಿಗೆ ತೋರಿಸಿದೆ. ಇದು ತಾಯಿಯಿಂದ ಬಂದದ್ದು, ನಿಲ್ಲಿಸಲು ಬರುವುದಿಲ್ಲ, ನಿಧಾನ ಪೂರ್ತಿ ಹೋಗುತ್ತದೆ ಅಂದರು. ಮಿಷನ್ ಹಾಕಿಕೊಳ್ಳಿ, ಹಾಳಾದರೆ ಬೇರೆ ಹಾಕಿಕೊಳ್ಳಿ ಅಂದರು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನನಗೆ ಹೆದರಿಕೆ ಆಗುತ್ತದೆ ಅವ್ವಾ, ನಿನ್ನ ಹಾಗೆ ಅಂಗಳದಲ್ಲಿ ಕೂರುವುದು ನನ್ನಿಂದ ಆಗುವುದಿಲ್ಲ. ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದೆ, ಅತ್ತುಕೊಂಡೂ ಹೇಳಿದೆ. ಅವಳು ನಡುನಡುವೆ ತಲೆಯಾಡಿಸುತ್ತಿದ್ದಳು. ಮುಗಿದ ಮೇಲೆ ಕಣ್ಣು ತೆರೆದು, ನನ್ನ ಕೆನ್ನೆ ಒರೆಸಿ, “ಆತು ಮಗಾ, ಆತು. ಎಲ್ಲ ಸಮಾ ಆಗ್ತದೆ” ಎಂದಳು.

ನನ್ನ ಎದೆ ಹಗುರಾಯಿತು. ಆಗ ಒಂದು ಕಾಗೆ ಮೀನಿನ ಮೇಲೆ ಇಳಿಯಿತು. ಅವ್ವ ಕೋಲು ಎತ್ತಿ ಮುಂದಕ್ಕೆ ಬಾಗಿದಳು. ಸೀರೆಯ ಸೆರಗಿನೊಳಗಿಂದ ವೈರಿನ ತುದಿ ಹೊರಗೆ ಜಾರಿ, ಅವಳ ಮೊಣಕಾಲಿನ ಹತ್ತಿರ ತೂಗಾಡಿತು. ಪಿನ್ನು ಮುರಿದ ತುದಿ. ಪೆಟ್ಟಿಗೆ ಇನ್ನೂ ಅವಳ ಎಡ ಅಂಗೈಯಲ್ಲೇ ಇತ್ತು. ಅದಕ್ಕೂ ವೈರಿಗೂ ಸಂಬಂಧವೇ ಇರಲಿಲ್ಲ.

ಅವಳು ನೋಡಿಕೊಳ್ಳಲಿಲ್ಲ. ಕಾಗೆ ಹೋದ ಮೇಲೆ ನನ್ನ ಕಡೆ ತಿರುಗಿ, ಪೆಟ್ಟಿಗೆಯನ್ನು ಮತ್ತೆ ನನ್ನ ಬಾಯಿಯ ಹತ್ತಿರ ತಂದು, “ಉಂಡ್ಕಂಡೇ ಬಂದ್ಯಾ?” ಎಂದು ಕೇಳಿದಳು.

ನಾನು ಪೆಟ್ಟಿಗೆಯ ಹತ್ತಿರ ಬಾಯಿ ತಂದು, ಅಷ್ಟೇ ಮೆತ್ತಗೆ, “ಇಲ್ಲವ್ವಾ, ಹಸಿವಾಗ್ತದೆ” ಎಂದೆ.

“ಹಾಂ, ಒಳ್ಳೇದಾತು” ಎಂದು ಅವ್ವ ತಲೆಯಾಡಿಸಿದಳು.